ಹೆಗ್ಗೆಣಸು: ತಲೆ, ನಡು, ತುದಿಯ ಸಾಲುಗಳ ಈವರೆಗಿನ ಬೆಳವಣಿಗೆ

ಈ ಸಲ ಹೆಗ್ಗೆಣಸಿನ (ಡಯಾಸ್ಕೋರಿಯಾ ಅಲಾಟಾ) ಗೆಡ್ಡೆಯ ತಲೆ, ನಡು ಮತ್ತು ತುದಿಯ ತುಂಡುಗಳನ್ನು ಬೆರೆಸದೆ ಬೇರೆ ಬೇರೆ ಸಾಲುಗಳಲ್ಲಿ ನೆಟ್ಟಿದ್ದೇನೆ. ಬಳ್ಳಿ ಅಂಟಿಕೊಂಡಿದ್ದ ತಲೆಯ ಭಾಗ ಬೇಗ ಮೊಳೆಯುತ್ತದೆ, ಉಳಿದವು ತಡ ಮಾಡುತ್ತವೆ ಎಂಬುದು ಬೆಳೆಗಾರರಿಗೆ ತಿಳಿದದ್ದೇ. ಆ ತಡದಿಂದ ಕೊನೆಗೆ ಗೆಡ್ಡೆಯ ತೂಕ ಎಷ್ಟು ತಗ್ಗುತ್ತದೆ ಎಂಬುದನ್ನು ನಾನೇ ತೂಗಿ ನೋಡಬೇಕಾಗಿದೆ.

ಬಿತ್ತನೆಯ ತುಂಡುಗಳೆಲ್ಲ ಸುಮಾರು 250 ಗ್ರಾಂ ತೂಕದವು. ಕೊಯ್ದ ಮುಖಕ್ಕೆ ಬೂದಿ ಸವರಿ, ನೆರಳಿನಲ್ಲಿ ಆರಿಸಿ, ಸಡಿಲ ಮಣ್ಣಿನಲ್ಲಿ ಊರಿದೆ. ಆಲೂಗೆಡ್ಡೆಗೆ ಇರುವಂತೆ ಇದಕ್ಕೆ ಕಣ್ಣುಗಳಿಲ್ಲ. ಸಿಪ್ಪೆಯ ಕೆಳಗೆ ಹೊಸದಾಗಿ ಒಂದು ಗಂಟು ಹುಟ್ಟಿ, ಸಿಪ್ಪೆಯನ್ನು ಸೀಳಿಕೊಂಡು ಹೊರಬರುತ್ತದೆ. ಕುಡಿಯೂ ಮೊದಲ ಬೇರುಗಳೂ ಹೊರಡುವುದು ಆ ಗಂಟಿನಿಂದಲೇ. ತುದಿಯ ಸಾಲಿನಲ್ಲಿ ಮಣ್ಣು ಸರಿಸಿ ನೋಡಿದಾಗ, ಮೇಲೆ ಏನೂ ಕಾಣದಿದ್ದರೂ ಒಳಗೆ ಈ ಮಾಸಲು ಬಿಳಿಯ ಗಂಟು ಮೂಡಿತ್ತು. ಆದ್ದರಿಂದ ಮೊಳೆಯಲಿಲ್ಲವೆಂದು ಅವಸರದಿಂದ ಕಿತ್ತೆಸೆಯುವುದು ತರವಲ್ಲ.

ಈಗ ತಲೆಯ ಸಾಲಿನ ಬಳ್ಳಿಗಳು ಆಸರೆಯ ಕೋಲುಗಳ ತುದಿ ಮುಟ್ಟಿವೆ. ನಾಲ್ಕು ಮೂಲೆಯ ಕಾಂಡದ ಅಂಚುಗಳಲ್ಲಿ ತೆಳು ರೆಕ್ಕೆಗಳು ಸ್ಪಷ್ಟವಾಗಿವೆ, ಹೃದಯಾಕಾರದ ಎಲೆಗಳು ಎದುರುಬದುರಾಗಿ ಜೋಡಿಗೊಂಡಿವೆ. ನಡುವಿನ ಸಾಲು ಇದರ ಅರ್ಧಕ್ಕೆ ಬಂದಿದೆ, ತುದಿಯದು ಈಗಷ್ಟೇ ಕೋಲು ಹಿಡಿಯುತ್ತಿದೆ. ಹಗಲು ಕಿರಿದಾಗುತ್ತ ಬಂದಂತೆ ಈ ಬೆಳೆ ತನ್ನ ಶಕ್ತಿಯನ್ನು ಬಳ್ಳಿಯಿಂದ ಗೆಡ್ಡೆಯತ್ತ ತಿರುಗಿಸುವುದರಿಂದ, ಅಷ್ಟರೊಳಗೆ ಯಾವ ಗಿಡ ಹೆಚ್ಚು ಎಲೆ ಹರಡಿಕೊಂಡಿರುತ್ತದೆಯೋ ಅದರ ಗೆಡ್ಡೆಯೇ ದಪ್ಪವಾಗುವ ಸಂಭವ ಹೆಚ್ಚು ಎಂಬುದು ನನ್ನ ಎಣಿಕೆ.

ಆಸರೆಯ ವಿಷಯದಲ್ಲಿ ಜಿಪುಣತನ ಸಲ್ಲದು. ಬಳ್ಳಿ ನೆಲದ ಮೇಲೆ ಹೊರಳಿದರೆ ಎಲೆಗಳಿಗೆ ಬಿಸಿಲು ಸಾಲದು. ಜೊತೆಗೆ, ಮಳೆಹನಿಯ ಸಿಡಿತದಿಂದ ಹರಡುವ ಆಂಥ್ರಾಕ್ನೋಸ್ ರೋಗ ಒದ್ದೆ ಎಲೆಗಳಲ್ಲಿ ಬೇಗ ಹಬ್ಬಿ ಕಪ್ಪು ಮಚ್ಚೆಗಳನ್ನು ಉಂಟುಮಾಡುತ್ತದೆ. ಬೇರುಗಳು ಮೇಲುಮಣ್ಣಿನಲ್ಲೇ ಹರಡಿರುವುದರಿಂದ ಕಳೆಯನ್ನು ಕೈಯಿಂದಲೇ ಕಿತ್ತು, ಒಣ ಎಲೆಗಳ ಹೊದಿಕೆ ಹಾಕಿದ್ದೇನೆ.

ಕೊಯ್ಲಿಗೆ ನೆಟ್ಟ ದಿನದಿಂದ 8ರಿಂದ 10 ತಿಂಗಳು ಬೇಕು. ಎಲೆಗಳು ಹಳದಿಯಾಗಿ ಬಳ್ಳಿ ಒಣಗಿದ ಮೇಲೆ ಮೂರೂ ಸಾಲುಗಳನ್ನು ಬೇರೆ ಬೇರೆಯಾಗಿ ಅಗೆದು ತೂಗುವೆ. ತುದಿಯ ಸಾಲು ಬಹಳ ಹಿಂದುಳಿದರೆ, ಮುಂದಿನ ಬಿತ್ತನೆಯಲ್ಲಿ ಆ ತುಂಡುಗಳನ್ನು ತೇವದ ಮರಳಿನಲ್ಲಿ ಮೊದಲೇ ಮೊಳಕೆ ಬರಿಸಿ ನೆಡುವೆ.