ಶಿಲುಬೆಯಿಂದ ಇಳಿಯದ ಕಳ್ಳ

ಶನಿವಾರ, 19 ಏಪ್ರಿಲ್ 2025

ನಿನ್ನೆ ಶುಭ ಶುಕ್ರವಾರದ ಆರಾಧನೆಯಲ್ಲಿ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಪೈಕಿ ಎರಡನೆಯದನ್ನು ಓದುತ್ತಿದ್ದಾಗ, ಇಷ್ಟು ವರ್ಷ ಕೇಳಿಯೂ ಗಮನಿಸದೆ ಬಿಟ್ಟಿದ್ದ ಒಂದು ಸಂಗತಿ ಮನಸ್ಸಿಗೆ ತಟ್ಟಿತು. ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ ಅಪರಾಧಿ, ನಮಗಾಗುತ್ತಿರುವುದು ನ್ಯಾಯವೇ, ನಾವು ಮಾಡಿದ್ದಕ್ಕೆ ತಕ್ಕ ಫಲವನ್ನೇ ಉಣ್ಣುತ್ತಿದ್ದೇವೆ ಎಂದು ತನ್ನ ಜೊತೆಗಾರನಿಗೆ ಹೇಳುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ಅವನಿಗೆ ಯೇಸುವಿನಿಂದ ಪರದೈಸಿನ, ಅಂದರೆ ಸ್ವರ್ಗದ, ವಾಗ್ದಾನ ದೊರೆಯುತ್ತದೆ. ಆದರೆ ಅವನನ್ನು ಶಿಲುಬೆಯಿಂದ ಯಾರೂ ಇಳಿಸುವುದಿಲ್ಲ. ಕ್ಷಮೆಯೂ ಸಿಕ್ಕಿತು, ಶಿಕ್ಷೆಯೂ ನಡೆಯಿತು.

ಅಪರಾಧಕ್ಕೆ ಶಿಕ್ಷೆ ಯಾತಕ್ಕಾಗಿ ಎಂಬ ವಿಷಯದ ಮೇಲೆ ಬರುವ ವಾರ ಯುವಜನರ ಅಧ್ಯಯನ ಕೂಟದಲ್ಲಿ ಮಾತನಾಡಲು ಒಪ್ಪಿಕೊಂಡಿದ್ದೇನೆ. ಅದಕ್ಕೆಂದು ಮಾಡಿಕೊಂಡಿದ್ದ ಟಿಪ್ಪಣಿಯಲ್ಲಿ ಪ್ರತೀಕಾರ, ಇತರರಲ್ಲಿ ಭಯ ಹುಟ್ಟಿಸುವುದು, ಸಮಾಜದ ರಕ್ಷಣೆ, ಅಪರಾಧಿಯ ಸುಧಾರಣೆ ಎಂದು ನಾಲ್ಕು ಉದ್ದೇಶಗಳನ್ನು ಬರೆದು, ಕಡೆಯದರ ಮುಂದೆ ಮಾತ್ರ ‘ಕ್ರೈಸ್ತ ದೃಷ್ಟಿ’ ಎಂದು ಗುರುತು ಹಾಕಿದ್ದೆ. ನಿನ್ನೆಯಿಂದ ಆ ಗುರುತು ನನಗೇ ಹಿಡಿಸುತ್ತಿಲ್ಲ.

ಪ್ರತೀಕಾರವೆಂದೊಡನೆ ನಮ್ಮಲ್ಲಿ ಅನೇಕರು ಮುಖ ಸಿಂಡರಿಸುತ್ತಾರೆ. ಕಣ್ಣಿಗೆ ಪ್ರತಿಯಾಗಿ ಕಣ್ಣು ಎಂಬ ವಿಮೋಚನಕಾಂಡದ ವಿಧಿಯನ್ನು ಕ್ರೌರ್ಯದ ಮಾದರಿಯೆಂದು ಉದಾಹರಿಸುವುದು ರೂಢಿಯೇ ಆಗಿಬಿಟ್ಟಿದೆ. ಆದರೆ ಅದಕ್ಕೂ ಹಿಂದೆ ಆದಿಕಾಂಡದಲ್ಲಿ ಲೆಮೆಕನೆಂಬವನು, ತನಗೆ ಗಾಯ ಮಾಡಿದ ಒಬ್ಬನನ್ನು ಕೊಂದೆನೆಂದೂ ತನ್ನ ಪರವಾದ ಮುಯ್ಯಿ ಎಪ್ಪತ್ತೇಳು ಪಟ್ಟು ಎಂದೂ ಹೆಂಡತಿಯರ ಮುಂದೆ ಹೆಮ್ಮೆ ಕೊಚ್ಚಿಕೊಳ್ಳುತ್ತಾನೆ. ಅಂಥ ಲೋಕದಲ್ಲಿ ಒಂದು ಕಣ್ಣಿಗೆ ಒಂದೇ ಕಣ್ಣು, ಅದಕ್ಕಿಂತ ಹೆಚ್ಚಿಲ್ಲ ಎನ್ನುವುದು ಕೋಪಕ್ಕೆ ಹಾಕಿದ ಕಡಿವಾಣ. (ಎಷ್ಟು ಸಲ ಕ್ಷಮಿಸಬೇಕೆಂದು ಕೇಳಿದ ಪೇತ್ರನಿಗೆ ಯೇಸು ಹೇಳಿದ ಲೆಕ್ಕದಲ್ಲಿ ಇದೇ ಎಪ್ಪತ್ತೇಳು ತಿರುಗುಮುರುಗಾಗಿ ಬರುತ್ತದೆ ಎಂದು ಕೆಲವು ವ್ಯಾಖ್ಯಾನಕಾರರು ಓದುತ್ತಾರೆ, ನನಗೂ ಹಾಗೆಯೇ ಅನ್ನಿಸುತ್ತದೆ.) ಕನ್ನಡದ ‘ಮುಯ್ಯಿ’ ಎಂಬ ಮಾತು ಉಪಕಾರಕ್ಕೂ ಸಲ್ಲುತ್ತದೆ, ಅಪಕಾರಕ್ಕೂ ಸಲ್ಲುತ್ತದೆ, ಎರಡರಲ್ಲೂ ಇರುವುದು ಪಡೆದಷ್ಟನ್ನು ಹಿಂತಿರುಗಿಸುವ ಲೆಕ್ಕ. ತಪ್ಪಿಗೆ ತಕ್ಕಷ್ಟು ಎಂಬ ಈ ಲೆಕ್ಕವೊಂದೇ ಶಿಕ್ಷಿಸುವವನಿಗೆ ‘ಇನ್ನು ಸಾಕು’ ಎಂದು ಹೇಳಬಲ್ಲದು.

ಉಳಿದ ಉದ್ದೇಶಗಳಲ್ಲಿ ಆ ‘ಸಾಕು’ ಎಲ್ಲಿದೆ ಎಂದು ಹುಡುಕಿದರೆ ಸಿಗುವುದಿಲ್ಲ. ಒಬ್ಬನಿಗಾದದ್ದನ್ನು ಉಳಿದವರು ಕೇಳಿ ಹೆದರಬೇಕು ಎಂಬ ಮಾತು ಧರ್ಮೋಪದೇಶಕಾಂಡದಲ್ಲಿಯೂ ಇದೆ, ನಿಜ. ಆದರೆ ಹೆದರಿಸುವುದೇ ಗುರಿಯಾದರೆ, ಹೆದರಿಕೆ ಹುಟ್ಟುವಷ್ಟು ಶಿಕ್ಷೆಯೇ ಸರಿಯಾದ ಶಿಕ್ಷೆಯಾಗುತ್ತದೆ, ಅದನ್ನು ಅನುಭವಿಸುವವನ ತಪ್ಪು ಎಷ್ಟೆಂಬುದು ಹಿಂದೆ ಬೀಳುತ್ತದೆ. ಅಂಗಡಿಯಿಂದ ಐದು ಶಿಲಿಂಗ್ ಬೆಲೆಯ ಸರಕು ಕದ್ದವನನ್ನು ಗಲ್ಲಿಗೇರಿಸುವ ಕಾನೂನನ್ನು ರದ್ದು ಮಾಡಲು 1810ರಲ್ಲಿ ಸ್ಯಾಮ್ಯುಯೆಲ್ ರೊಮಿಲಿ ತಂದ ಮಸೂದೆಯನ್ನು ಇಂಗ್ಲೆಂಡಿನ ಪ್ರಭುಗಳ ಸಭೆ ತಿರಸ್ಕರಿಸಿತು. ವಿರೋಧವಾಗಿ ಮತ ಹಾಕಿದವರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸಹಿತ ಏಳು ಮಂದಿ ಧರ್ಮಾಧ್ಯಕ್ಷರಿದ್ದರು. ಭಯದ ತರ್ಕವನ್ನು ಅದರ ಕೊನೆಯವರೆಗೂ ಎಳೆದವನು ಯೇಸುವನ್ನು ಕೊಲ್ಲಬೇಕೆಂದ ಕಾಯಫನು. ಜನಾಂಗವೆಲ್ಲ ನಾಶವಾಗುವುದಕ್ಕಿಂತ ಒಬ್ಬನು ಸಾಯುವುದು ಮೇಲು ಎಂದ ಆ ಮಹಾಯಾಜಕನಿಗೆ, ಸಾಯುವವನು ತಪ್ಪಿತಸ್ಥನೋ ಅಲ್ಲವೋ ಎಂಬ ಪ್ರಶ್ನೆಯೇ ಬೇಕಾಗಿರಲಿಲ್ಲ.

ಸುಧಾರಣೆಯ ವಿಷಯದಲ್ಲಿಯೇ ನನಗೆ ಹೆಚ್ಚು ಕಸಿವಿಸಿ. ದುಷ್ಟನ ಸಾವಿನಲ್ಲಿ ನನಗೆ ಸಂತೋಷವಿಲ್ಲ, ಅವನು ತಿರುಗಿಕೊಂಡು ಬದುಕುವುದೇ ನನಗೆ ಸಂತೋಷ ಎನ್ನುವ ಯೆಹೆಜ್ಕೇಲನ ದೇವರನ್ನು ನಂಬುವವನು ಅದನ್ನು ಅಲ್ಲಗಳೆಯಲಾರ. ಸೆರೆಯಲ್ಲಿದ್ದವರನ್ನು ನೋಡಲು ಹೋಗುವುದು ತನ್ನನ್ನೇ ನೋಡಲು ಬಂದಂತೆ ಎಂದು ಯೇಸು ಹೇಳಿದ್ದನ್ನು ಅಕ್ಷರಶಃ ಪಾಲಿಸುವಂತೆ, ಎಲಿಜಬೆತ್ ಫ್ರೈ 1813ರಲ್ಲಿ ಲಂಡನ್ನಿನ ನ್ಯೂಗೇಟ್ ಜೈಲಿಗೆ ಹೋಗಿ ಹೆಣ್ಣು ಕೈದಿಗಳ ನಡುವೆ ನಿಂತದ್ದೂ ಅದೇ ನಂಬಿಕೆಯಿಂದ. ಆದರೆ ಅದೇ ಶತಮಾನದಲ್ಲಿ ಫಿಲಡೆಲ್ಫಿಯಾದಲ್ಲಿ, ಕ್ವೇಕರ್ ಎಂಬ ಪಂಥದವರೂ ಸೇರಿದಂತೆ ಕರುಣೆಯುಳ್ಳ ಕ್ರೈಸ್ತ ಸುಧಾರಕರ ಒತ್ತಾಸೆಯಿಂದ 1829ರಲ್ಲಿ ತೆರೆದ ಈಸ್ಟರ್ನ್ ಸ್ಟೇಟ್ ಸೆರೆಮನೆಯ ಕತೆ ಬೇರೆ. ಒಬ್ಬೊಬ್ಬ ಕೈದಿಗೆ ಒಂದೊಂದು ಕೋಣೆ, ಮೇಲೊಂದು ಬೆಳಕಿಂಡಿ, ಓದಲು ಬೈಬಲ್ಲು, ಹೊರಗೆ ಕರೆತರುವಾಗ ಯಾರ ಮುಖವೂ ಕಾಣದಂತೆ ತಲೆಗೆ ಮುಸುಕು. ಏಕಾಂತದಲ್ಲಿ ಆತ್ಮಶೋಧನೆ ಮಾಡಿಕೊಂಡು ಪಶ್ಚಾತ್ತಾಪಪಡಲಿ ಎಂಬುದೇ ಉದ್ದೇಶ. ಇಂಗ್ಲಿಷಿನಲ್ಲಿ ಅಂಥ ಸೆರೆಮನೆಗೆ ಬಂದ ‘ಪೆನಿಟೆನ್ಷಿಯರಿ’ ಎಂಬ ಹೆಸರಿನಲ್ಲೇ ಪಶ್ಚಾತ್ತಾಪವಿದೆ. 1842ರಲ್ಲಿ ಅದನ್ನು ಕಣ್ಣಾರೆ ಕಂಡ ಚಾರ್ಲ್ಸ್ ಡಿಕನ್ಸ್, ಮನಸ್ಸಿಗೆ ಕೊಡುವ ಈ ಹಿಂಸೆ ದೇಹಕ್ಕೆ ಕೊಡುವ ಯಾವ ಹಿಂಸೆಗಿಂತಲೂ ಕೆಟ್ಟದ್ದೆಂದು ಬರೆದರು. ಕಟ್ಟಿಸಿದವರಲ್ಲಿ ದ್ವೇಷದ ಸುಳಿವೂ ಇರಲಿಲ್ಲ. ನಿನ್ನ ಒಳ್ಳೆಯದಕ್ಕೇ ಮಾಡುತ್ತಿದ್ದೇವೆ ಎನ್ನುವವರ ಎದುರು, ನನ್ನ ತಪ್ಪಿಗೆ ಇದು ಹೆಚ್ಚಾಯಿತು ಎಂದು ಕೈದಿ ಯಾವ ಬಾಯಿಂದ ಹೇಳಬೇಕು?

ಹಾಗೆಂದು ಪ್ರತೀಕಾರವನ್ನು ನಮ್ಮ ಕೈಗೆ ತೆಗೆದುಕೊಳ್ಳಲು ಅನುಮತಿ ಸಿಕ್ಕಿತೆಂದಲ್ಲ. ರೋಮಾಪುರದವರಿಗೆ ಬರೆದ ಪತ್ರದ 12ನೆಯ ಅಧ್ಯಾಯದ ಕೊನೆಯಲ್ಲಿ, ಮುಯ್ಯಿ ತೀರಿಸುವುದು ದೇವರ ಕೆಲಸ, ನೀವು ತೀರಿಸಬೇಡಿರಿ ಎನ್ನುವ ಪೌಲನು, 13ನೆಯ ಅಧ್ಯಾಯ ಆರಂಭವಾಗುತ್ತಲೇ ಅಧಿಕಾರಿಯ ಕೈಯಲ್ಲಿ ಕತ್ತಿ ಇಡುತ್ತಾನೆ. ಅಧ್ಯಾಯಗಳ ವಿಂಗಡಣೆ ಎಷ್ಟೋ ಶತಮಾನಗಳ ಅನಂತರ ಆದದ್ದು. ಪೌಲನ ಪತ್ರದಲ್ಲಿ ಎರಡೂ ಒಂದೇ ಉಸಿರಿನ ಮಾತು. ನೊಂದವನ ಕೈಯಿಂದ ಮುಯ್ಯಿಯನ್ನು ಬಿಡಿಸಿ, ನೋಯದವನ ಕೈಗೆ ನ್ಯಾಯವನ್ನು ಕೊಡುವ ವ್ಯವಸ್ಥೆ ಅದು. ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಜೀಪಿನೊಳಗೆ ಸುಟ್ಟು ಕೊಂದಾಗ, ಅವರ ಪತ್ನಿ ಗ್ಲ್ಯಾಡಿಸ್ ಸ್ಟೇನ್ಸ್ ಕೊಲೆಗಾರರನ್ನು ಕ್ಷಮಿಸಿದ್ದೇನೆಂದರು. ಆದರೆ ತಮ್ಮ ಕ್ಷಮೆಯನ್ನು ಅಪರಾಧದ ಪರಿಣಾಮದೊಂದಿಗೆ ಬೆರೆಸಲು ಅವರು ಒಪ್ಪಲಿಲ್ಲ. ಕ್ಷಮಿಸುವ ಹಕ್ಕು ಅವರದು, ವಿಚಾರಣೆ ನಡೆಸುವ ಹೊಣೆ ನ್ಯಾಯಾಲಯದ್ದು. ಈ ಎರಡನ್ನೂ ಕಲಸಿ, ಕ್ರೈಸ್ತರಾದ ಮೇಲೆ ದೂರನ್ನು ಹಿಂತೆಗೆದುಕೊಳ್ಳಿ ಎಂದು ನೊಂದವರ ಮೇಲೆ ಒತ್ತಡ ಹೇರುವ ಹಿರಿಯರನ್ನು ನಾನು ಕಂಡಿದ್ದೇನೆ. ಅದು ಕರುಣೆಯಲ್ಲ, ಇನ್ನೊಬ್ಬರ ಗಂಟಿನಿಂದ ಮಾಡುವ ದಾನ.

ನನ್ನ ಟಿಪ್ಪಣಿಯಲ್ಲಿ ಸೇರದೇ ಉಳಿದಿದ್ದ ಐದನೆಯದೊಂದಿದೆ: ಹಾನಿಯನ್ನು ಕಟ್ಟಿಕೊಡುವುದು. ಸುವಾರ್ತೆಯ ಸುಂಕದವನಾದ ಜಕ್ಕಾಯನು ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆಂದು ತಾನೇ ಎದ್ದುನಿಂತು ಹೇಳಿದ. ಕೆನಡಾದ ಎಲ್ಮೈರಾದಲ್ಲಿ 1974ರಲ್ಲಿ ಇಬ್ಬರು ಯುವಕರು ಕುಡಿದು ಒಂದೇ ರಾತ್ರಿ 22 ಕಡೆ ಹಾಳುಗೆಡವಿದಾಗ, ಮೆನ್ನೊನೈಟ್ ಎಂಬ ಕ್ರೈಸ್ತ ಸಭೆಗೆ ಸೇರಿದ ಒಬ್ಬ ಪ್ರೊಬೇಷನ್ ಅಧಿಕಾರಿಯ ಸಲಹೆಗೆ ನ್ಯಾಯಾಧೀಶರು ಒಪ್ಪಿ, ಆ ಹುಡುಗರು ನೊಂದವರ ಮನೆಬಾಗಿಲಿಗೆ ಹೋಗಿ ನಷ್ಟ ವಿಚಾರಿಸಿ ಹಣ ಕಟ್ಟಿಕೊಟ್ಟರು. ಅಲ್ಲಿ ತಕ್ಕಷ್ಟು ಎಂಬ ಅಳತೆಯೂ ಇದೆ, ತಿರುಗಿಕೊಳ್ಳಲು ದಾರಿಯೂ ಇದೆ.

ಕೊಲೆಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ. ಮನುಷ್ಯನ ರಕ್ತ ಸುರಿಸಿದವನ ರಕ್ತವೂ ಸುರಿಯಬೇಕು ಎನ್ನುವ ಆದಿಕಾಂಡವೇ, ಮೊದಲ ಕೊಲೆಗಾರನಾದ ಕಾಯಿನನನ್ನು ಯಾರೂ ಕೊಲ್ಲದಂತೆ ಗುರುತಿಟ್ಟು ಕಾಯುತ್ತದೆ. ಮರಣದಂಡನೆಗೆ ಬಹುಕಾಲ ಅವಕಾಶ ಕೊಟ್ಟಿದ್ದ ಕಥೋಲಿಕ ಸಭೆ, 2018ರಲ್ಲಿ ಪೋಪ್ ಫ್ರಾನ್ಸಿಸ್ ಅವರ ಕಾಲದಲ್ಲಿ ತನ್ನ ಧರ್ಮೋಪದೇಶದ ಆ ಭಾಗವನ್ನು ತಿದ್ದಿ, ಅದು ಒಪ್ಪತಕ್ಕದ್ದಲ್ಲ ಎಂದಿತು. ಯುವಕರು ಖಂಡಿತವಾಗಿ ಕೇಳುವ ಪ್ರಶ್ನೆ ಇದೇ ಆದ್ದರಿಂದ ಸಂಜೆ ಪುರಾತನ ಸಭೆಯ ಬಿಷಪ್ ಅಗಸ್ಟೀನನ ಒಂದು ಪತ್ರವನ್ನು ತೆಗೆದು ಓದಿದೆ. ತನ್ನ ಸಭೆಯ ಒಬ್ಬ ಪಾದ್ರಿಯನ್ನು ಕೊಂದು ಇನ್ನೊಬ್ಬನನ್ನು ಊನಗೊಳಿಸಿದವರ ಪರವಾಗಿ ಅವನು ಸುಮಾರು 412ರಲ್ಲಿ ರೋಮನ್ ಅಧಿಕಾರಿ ಮಾರ್ಸೆಲಿನಸನಿಗೆ ಬರೆದದ್ದು ಅದು. ಅವರನ್ನು ಬಿಟ್ಟುಬಿಡಿ ಎಂದು ಅವನು ಕೇಳುವುದಿಲ್ಲ. ಕೊಲ್ಲಬೇಡಿ, ಅಂಗ ಕತ್ತರಿಸಬೇಡಿ, ಕೈಕಾಲು ನೆಟ್ಟಗಿರುವ ಹಾಗೆಯೇ ಯಾವುದಾದರೂ ಉಪಯುಕ್ತ ಕೆಲಸಕ್ಕೆ ಹಚ್ಚಿ ಎಂದಷ್ಟೇ ಬೇಡುತ್ತಾನೆ. ನಾಲ್ಕು ಉದ್ದೇಶಗಳ ಹಳೆಯ ಹಾಳೆಯನ್ನು ಬದಿಗಿಟ್ಟು, ಕೂಟದಲ್ಲಿ ಈ ಪತ್ರದಿಂದಲೇ ಮಾತು ಆರಂಭಿಸಬೇಕೆಂದಿದ್ದೇನೆ.