ಹನ್ನೆರಡು ಅರವತ್ತೋ, ಹನ್ನೆರಡು ಎಂಬತ್ತೋ?

ಹೋದ ತಿಂಗಳು ಅಕ್ಕನ ಮಗ ಮನೆಗೆ ಬಂದಿದ್ದ. ಅವನ ತಂಗಿ ಅಮೆರಿಕದಲ್ಲಿದ್ದಾಳೆ. ಅಲ್ಲಿನ ಆಸ್ಪತ್ರೆಯವರು ಊರಲ್ಲಿ ತೋರಿಸಿದ್ದ ಹಳೆ ರಿಪೋರ್ಟುಗಳನ್ನು ಫ್ಯಾಕ್ಸ್ ಮಾಡಿಸಿ ಅಂದರಂತೆ. ಇವನು ಮೊಬೈಲಿನಲ್ಲಿ ಫೋಟೊ ಹೊಡೆದು, ಫ್ಯಾಕ್ಸ್ ಕಳಿಸುವ ಒಂದು ಆ್ಯಪ್ ಹಾಕಿಕೊಂಡು ಕಳಿಸಿದ್ದಾನೆ. ಓದೋಕೆ ಬರ್ತಿಲ್ಲ, ಮತ್ತೆ ಕಳಿಸಿ ಅಂತ ಎರಡು ಸಲ ಹೇಳಿ ಕಳಿಸಿದ್ದಾರೆ.

"ಮಾಮಾ, ಈಗಿನ ಕಾಲದಾಗೂ ಫ್ಯಾಕ್ಸ್ ಅದಾವೇನು?" ಅಂತ ನಗುತ್ತಾ ಕೇಳಿದ.

ಇವೆ. ಅಮೆರಿಕದ ಆಸ್ಪತ್ರೆಗಳಲ್ಲಿ ಇವೆ, ಜಪಾನಿನ ಆಫೀಸುಗಳಲ್ಲೂ ಇವೆ. ನಮ್ಮ ಕಡೆ ಹೋಗಿ ಎಷ್ಟೋ ವರ್ಷವಾಯಿತು, ಅಷ್ಟೇ. ನಾನು ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದವನು. ದಿನಾ ಬೆಳಿಗ್ಗೆ ಅಕ್ಕಿ ರೇಟನ್ನು ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಪಾರ್ಟಿಗಳಿಗೆ ಫ್ಯಾಕ್ಸ್ ಮಾಡುವುದೇ ನನ್ನ ಮೊದಲ ಕೆಲಸ. ಆ ಮಷೀನಿನ ಮುಂದೆ ಮಾಡಿಕೊಂಡ ಎಡವಟ್ಟುಗಳೇ ಈಗ ಹುಡುಗನಿಗೆ ಉಪಯೋಗಕ್ಕೆ ಬಂದವು. ಅದಕ್ಕೇ ಬರೆಯುತ್ತಿದ್ದೇನೆ.

2001ರ ಮಾತು. ಬೆಂಗಳೂರಿನ ಒಬ್ಬ ಖಾಯಂ ಪಾರ್ಟಿ ಇದ್ದಕ್ಕಿದ್ದಂತೆ ಮಾಲು ಕೇಳುವುದನ್ನೇ ಬಿಟ್ಟರು. ಜಗಳವಿಲ್ಲ, ದೂರಿಲ್ಲ, ಫೋನೂ ಇಲ್ಲ. ಒಂದು ವಾರ ಸಾಹುಕಾರ್ರು ಸುಮ್ಮನಿದ್ದರು. ಆಮೇಲೆ ನಾನೇ ಫೋನ್ ಹಚ್ಚಿದೆ.

"ಏನ್ ಮಾಡೋದು ಸಾರ್, ನೀವು ಒಂದೇ ಸಲ ಹನ್ನೆರಡು ಎಂಬತ್ತಕ್ಕೆ ಏರಿಸಿಬಿಟ್ರಿ. ಸಿಂಧನೂರಿನವರು ಹನ್ನೆರಡು ಎಪ್ಪತ್ತಕ್ಕೆ ಕೊಡ್ತಿದ್ದಾರೆ, ಅಲ್ಲೇ ತಗೊಂಡ್ವಿ" ಅಂದ ಅಲ್ಲಿನ ಹುಡುಗ.

ನಾವು ಕಳಿಸಿದ್ದು ಕ್ವಿಂಟಲಿಗೆ 1,260. ನನ್ನ ಫೈಲಿನಲ್ಲಿ ಒರಿಜಿನಲ್ ಇತ್ತು, ಅದರಲ್ಲಿ ಸ್ಪಷ್ಟವಾಗಿ ಆರು ಇತ್ತು. ಅವರಿಗೆ ಬಂದ ಹಾಳೆಯನ್ನು ನೋಡಲೇಬೇಕು ಅನ್ನಿಸಿತು. ತಿರುಗಿ ಫ್ಯಾಕ್ಸ್ ಮಾಡಿಸಿಕೊಂಡರೆ ಇನ್ನೂ ಕೆಡುತ್ತದೆ. ಅದಕ್ಕೆ ನಮ್ಮೂರಿಗೆ ಬರುವ ಲಾರಿ ಡ್ರೈವರ್ ಕೈಯಲ್ಲಿ ಕೊಟ್ಟು ಕಳಿಸಿ ಅಂದೆ. ಮೂರನೇ ದಿನ ಬಂತು. ಸುರುಳಿ ಸುತ್ತಿದ ಫ್ಯಾಕ್ಸ್ ಕಾಗದ, ಅದಕ್ಕೆ ಬೀಡಿ ವಾಸನೆ. ಬಿಚ್ಚಿ ನೋಡಿದರೆ ಎಂಟೇ! ನಾನೂ ಎಂಟು ಅಂತಲೇ ಓದುತ್ತಿದ್ದೆ.

ಆರು ಎಂಟಾಗಿದ್ದು ಹೇಗೆ? ಮಷೀನು ರಿಪೇರಿ ಮಾಡಲು ಹೊಸಪೇಟೆಯಿಂದ ಬರುತ್ತಿದ್ದ ಮೆಕ್ಯಾನಿಕ್ ಒಬ್ಬರು ಸ್ಕೇಲು ಇಟ್ಟುಕೊಂಡು ತೋರಿಸಿದರು. ಫ್ಯಾಕ್ಸ್ ಮಷೀನು ನಮ್ಮ ಹಾಗೆ ಅಕ್ಷರ ಓದುವುದಿಲ್ಲ. ಹಾಳೆಯನ್ನು ಸಣ್ಣ ಸಣ್ಣ ಅಡ್ಡಗೆರೆಗಳಾಗಿ ಸೀಳಿಕೊಂಡು, ಒಂದೊಂದು ಗೆರೆಯಲ್ಲಿ 1,728 ಚುಕ್ಕೆ ನೋಡುತ್ತದೆ. ಪ್ರತಿ ಚುಕ್ಕೆಯೂ ಕರಿ, ಇಲ್ಲವೇ ಬಿಳಿ. ನಡುವೆ ಬೂದಿ ಬಣ್ಣ ಅಂತ ಏನೂ ಇಲ್ಲ. ಅಡ್ಡಕ್ಕೆ ಒಂದು ಮಿಲಿಮೀಟರಿಗೆ ಸುಮಾರು 8 ಚುಕ್ಕೆ ಸಿಗುತ್ತವೆ. ಆದರೆ ಉದ್ದಕ್ಕೆ, ಸ್ಟ್ಯಾಂಡರ್ಡ್ ಸೆಟ್ಟಿಂಗಿನಲ್ಲಿ, ಮಿಲಿಮೀಟರಿಗೆ 3.85 ಗೆರೆ ಮಾತ್ರ. ಫೈನ್ ಒತ್ತಿದರೆ 7.7. ಇದು ಯಾವುದೋ ಒಂದು ಕಂಪನಿಯ ಲೆಕ್ಕವಲ್ಲ. 1980ರಲ್ಲಿ ಜಗತ್ತಿಗೆಲ್ಲ ಒಂದೇ ಇರಲಿ ಅಂತ ಗೊತ್ತು ಮಾಡಿದ ಗ್ರೂಪ್ 3 ಅನ್ನುವ ನಿಯಮ. ಆಮೇಲೆ ಬಂದ ಸಾಮಾನ್ಯ ಮಷೀನುಗಳೆಲ್ಲ ಇದನ್ನೇ ಹಿಡಿದಿವೆ.

ನಮ್ಮ ರೇಟ್ ಚೀಟಿಯಲ್ಲಿ ಅಂಕಿಯ ಎತ್ತರ 2 ಮಿಲಿಮೀಟರ್. ಅಂದರೆ ಇಡೀ ಅಂಕಿಗೆ ಏಳೆಂಟು ಗೆರೆ. ಇಂಗ್ಲಿಷ್ ಆರಕ್ಕೂ ಎಂಟಕ್ಕೂ ಇರುವ ವ್ಯತ್ಯಾಸ ಏನು? ಆರಕ್ಕೆ ಬಲಗಡೆ ಮೇಲೆ ಒಂದು ಚಿಕ್ಕ ಬಾಯಿ ತೆರೆದಿರುತ್ತದೆ, ಅಷ್ಟೇ. ಆ ಬಾಯಿ ಅರ್ಧ ಮಿಲಿಮೀಟರ್ ಇದ್ದರೆ ಅದರ ಪಾಲಿಗೆ ಎರಡು ಗೆರೆಯೂ ಪೂರ್ತಿ ಸಿಗುವುದಿಲ್ಲ. ಮೇಲಾಗಿ ನಾನು ಅಕ್ಷರ ಮಾಸಿದೆ ಅಂತ ಕಾಂಟ್ರಾಸ್ಟನ್ನು ಡಾರ್ಕಿಗೆ ಇಟ್ಟಿದ್ದೆ. ಬಾಯಿ ಮುಚ್ಚಿಕೊಂಡಿತು.

ಹಾಗಾದರೆ ಫೈನ್ ಯಾಕೆ ಒತ್ತಿರಲಿಲ್ಲ? ಸಾಹುಕಾರ್ರು ಬೇಡ ಅಂದಿದ್ದರು. ಗೆರೆ ಎರಡರಷ್ಟಾದರೆ ಕಳಿಸುವ ಹೊತ್ತೂ ಹೆಚ್ಚುಕಡಿಮೆ ಎರಡರಷ್ಟು. ಆಗ ಎಸ್‌ಟಿಡಿ ಬಿಲ್ ಅಂದರೆ ಎಲ್ಲರಿಗೂ ಎದೆ ಡವಡವ. ತಪ್ಪು ಅವರದೂ ಅಲ್ಲ, ನಾನೂ ಯಾವತ್ತೂ ಬಿಡಿಸಿ ಹೇಳಿರಲಿಲ್ಲ. ಆ ಸುರುಳಿ ಕಾಗದವನ್ನು ಅವರ ಮುಂದೆ ಇಟ್ಟೆ. ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ನೋಡಿದರು. "ಅಂಕಿ ಇರೋ ಹಾಳಿ ಎಲ್ಲಾ ಫೈನಿನಾಗ ಕಳಸು. ಉಳದದ್ದಕ್ಕ ಬ್ಯಾಡ" ಅಂದರು. ಅವತ್ತಿಂದ ಅದೇ ಪದ್ಧತಿ. ರೇಟನ್ನು ಅಕ್ಷರದಲ್ಲೂ ಬರೆಯುವುದು ನಾನು ಸೇರಿಸಿದ್ದು.

ಸೂಪರ್ ಫೈನ್ ಅಂತ ಇನ್ನೊಂದಿದೆ. ನಾನು ಅದನ್ನು ಒತ್ತಿದ್ದು ಕಡಿಮೆ. ಆ ಕಡೆಯ ಮಷೀನಿಗೆ ಅದು ಬರದಿದ್ದರೆ ನಮ್ಮ ಮಷೀನು ತಾನಾಗೇ ಕೆಳಗಿಳಿಯುತ್ತದೆ. ಫೋಟೊ ಬಟನ್ನಿನ ಕತೆ ಬೇರೆ. ಬೂದಿ ಬಣ್ಣವನ್ನು ಸಣ್ಣ ಚುಕ್ಕೆಗಳ ರಾಶಿಯಾಗಿ ತೋರಿಸುತ್ತದೆ, ಮುಖದ ಫೋಟೊಗೆ ಸರಿ. ಬರೀ ಬರಹದ ಹಾಳೆಗೆ ಅದನ್ನು ಒತ್ತಿದರೆ ಅಕ್ಷರದ ಅಂಚೆಲ್ಲ ತರಿತರಿ. ಜೊತೆಗೆ ಹೊತ್ತೂ ಜಾಸ್ತಿ. ಯಾಕಂದರೆ ಫ್ಯಾಕ್ಸಿಗೆ ಖಾಲಿ ಬಿಳಿ ಜಾಗ ಅಂದರೆ ಅಗ್ಗ. "ಇಲ್ಲಿಂದ ಇಷ್ಟು ಚುಕ್ಕೆ ಬಿಳಿ" ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸುತ್ತದೆ. ಕರಿ ಬಿಳಿ ಕರಿ ಬಿಳಿ ಅಂತ ಬದಲಾಗುತ್ತಾ ಹೋದರೆ ಒಂದೊಂದನ್ನೂ ಹೇಳಬೇಕು. ಅದಕ್ಕೇ ಅಂಚು ಕಪ್ಪಾಗಿ ಮಚ್ಚೆ ಬಿದ್ದ ಜೆರಾಕ್ಸ್ ಹಾಳೆ, ಸಣ್ಣ ಸಣ್ಣ ಗೆರೆಗಳ ಲೋಗೊ ಇರುವ ಲೆಟರ್‌ಹೆಡ್ ಕಳಿಸಿದರೆ ಮಷೀನು ಉಬ್ಬಸ ಬಂದವರ ಹಾಗೆ ಎಳೆಯುತ್ತಾ ಕೂರುತ್ತಿತ್ತು. ನಾವು ಫ್ಯಾಕ್ಸಿಗೇ ಅಂತ ಲೋಗೊ ಇಲ್ಲದ ಒಂದು ಸಾದಾ ಕವರ್ ಹಾಳೆ ಮಾಡಿಕೊಂಡೆವು. ಯಾರಿಗೆ, ಯಾರಿಂದ, ನಮ್ಮ ಫೋನ್ ನಂಬರು, ಒಟ್ಟು ಎಷ್ಟು ಹಾಳೆ. ಅಷ್ಟು ಸಾಕು.

ಕಾಗದದ ವಿಷಯಕ್ಕೆ ಬಂದರೆ ಕಷ್ಟ ಕೊಟ್ಟಿದ್ದು ಲಾರಿ ಬಿಲ್ಟಿಗಳು, ಅಂದರೆ ಮಾಲು ಹೇರಿದ್ದಕ್ಕೆ ಲಾರಿಯವರು ಕೊಡುವ ರಸೀದಿಗಳು. ಬಿಲ್ಟಿಯ ಮೂರನೇ ಪ್ರತಿ ಅಂದರೆ ಗುಲಾಬಿ ಬಣ್ಣದ ತೆಳು ಹಾಳೆ, ಅದರ ಮೇಲೆ ಕಾರ್ಬನ್ನಿನ ಮಸುಕು ನೀಲಿ ಬರಹ. ನಮ್ಮ ಕಣ್ಣಿಗೆ ಚೆನ್ನಾಗೇ ಕಾಣುತ್ತದೆ, ಮಷೀನಿಗೆ ಹಿಂದಿನ ಬಣ್ಣವೂ ಕರಿ, ಬರಹವೂ ಕರಿ. ಲೈಟಿಗೆ ಇಟ್ಟರೆ ಎರಡೂ ಮಾಯ. ಮೊದಲು ಅದನ್ನು ಎದುರಿನ ಜೆರಾಕ್ಸ್ ಅಂಗಡಿಗೆ ಒಯ್ದು, ಹಿಂದಿನ ಬಣ್ಣ ಹೋಗುವ ಹಾಗೆ, ಬರಹ ಉಳಿಯುವ ಹಾಗೆ ಒಂದು ಪ್ರತಿ ತೆಗೆಸಬೇಕು. ಎರಡು ಮೂರು ಸಲ ಲೈಟು, ಡಾರ್ಕು ಅಂತ ತಿರುಗಿಸಿದರೆ ಎಲ್ಲೋ ಒಂದು ಕಡೆ ಹದ ಸಿಗುತ್ತದೆ. ಫ್ಯಾಕ್ಸ್ ಮಾಡುವುದು ಆ ಪ್ರತಿಯನ್ನು. ಹೀಗೆ ಮಾಡಿದರೆ ತೆಳು ಹಾಳೆ ರೋಲರಿನಲ್ಲಿ ಸಿಕ್ಕಿಕೊಂಡು ಮುದ್ದೆಯಾಗುವ ಕಾಟವೂ ತಪ್ಪುತ್ತದೆ. ಬರೆಯುವುದಿದ್ದರೆ ಕಪ್ಪು ಪೆನ್ನು. ಪೆನ್ಸಿಲ್ ಬೇಡ. ಮುಖ್ಯವಾದದ್ದು ಅಂತ ಬಣ್ಣದ ಪೆನ್ನಿಂದ ಗೀಚಬೇಡಿ. ನಮ್ಮ ಮಷೀನಿನಲ್ಲಿ ಗುಲಾಬಿ ಹೈಲೈಟರ್ ಬಳಿದ ಸಾಲು ಆ ಕಡೆ ಕರಿ ಪಟ್ಟಿಯಾಗಿ ಹೋಗಿತ್ತು. ಮುಖ್ಯವಾದ ಸಾಲೇ ಹೋಯಿತು!

ಲೀಗಲ್ ಸೈಜಿನ ಕರಾರು ಪತ್ರ ಕಳಿಸುವಾಗ ಆ ಕಡೆ ಎ4 ಹಾಳೆ ಇದೆಯಾ ಅಂತ ಕೇಳುತ್ತಿದ್ದೆ. ಇದ್ದರೆ ಒಂದೋ ಎಲ್ಲ ಕುಗ್ಗಿ ಅಕ್ಷರ ಸಣ್ಣದಾಗುತ್ತದೆ, ಇಲ್ಲ ಸಹಿ ಮಾತ್ರ ಇನ್ನೊಂದು ಹಾಳೆಗೆ ಹೋಗುತ್ತದೆ. ಹಾಳೆಯ ತಲೆಯಲ್ಲಿ ಒಂದು ಸೆಂಟಿಮೀಟರ್ ಖಾಲಿ ಬಿಟ್ಟಿದ್ದರೆ ಒಳ್ಳೆಯದು, ತಾರೀಖು ನಂಬರಿನ ಸಾಲು ಮಷೀನು ಅಲ್ಲೇ ಹಾಕುತ್ತದೆ.

ಇನ್ನು ಆ ಉದ್ದ ಗೆರೆ. ಒಂದು ಸಲ ನಾವು ಕಳಿಸಿದ ಎಲ್ಲ ಹಾಳೆಯಲ್ಲೂ ಮೇಲಿಂದ ಕೆಳಗೆ ಒಂದು ಕರಿ ಗೆರೆ ಬರುತ್ತಿದೆ ಅಂತ ಹುಬ್ಬಳ್ಳಿಯವರು ಹೇಳಿದರು. ನಾನು ಲೈನು ಸರಿಯಿಲ್ಲ ಅಂತ ಟೆಲಿಫೋನ್ ಆಫೀಸಿಗೆ ಹೋಗಿ ಕೂಗಾಡಿ ಬಂದೆ. ಆಮೇಲೆ ಗೊತ್ತಾಯಿತು, ಯಾರೋ ವೈಟ್ನರ್ ಒಣಗುವ ಮೊದಲೇ ಹಾಳೆ ಹಾಕಿದ್ದರು. ಒಳಗಿನ ಗಾಜಿನ ಪಟ್ಟಿಗೆ ಸಾಸಿವೆ ಕಾಳಿನಷ್ಟು ಅಂಟಿಕೊಂಡಿತ್ತು. ಹಾಳೆ ಓಡುತ್ತದೆ, ಗಾಜು ನಿಂತಲ್ಲೇ ಇರುತ್ತದೆ. ಆ ಒಂದು ಚುಕ್ಕೆ ಇಡೀ ಹಾಳೆಗೆ ಗೆರೆ ಎಳೆಯುತ್ತದೆ. ಮೆತ್ತನೆ ಬಟ್ಟೆಯಿಂದ ಒರೆಸಿದೆ, ಹೋಯಿತು. ಟೆಲಿಫೋನ್ ಆಫೀಸಿನವರ ಮುಖ ನೋಡಲು ಸುಮಾರು ದಿನ ನಾಚಿಕೆಯಾಗುತ್ತಿತ್ತು.

ಲೈನೇ ಕೆಟ್ಟಿರುತ್ತಿದ್ದ ದಿನಗಳೂ ಇದ್ದವು ಅನ್ನಿ. ಮಳೆಗಾಲದಲ್ಲಿ ಫೋನೆತ್ತಿದರೆ ಗರಗರ. ಇಸಿಎಂ ಅಂತ ಒಂದು ಸೆಟ್ಟಿಂಗ್ ಇದೆ. ಅದು ಆನ್ ಇದ್ದರೆ ಆ ಕಡೆಯ ಮಷೀನು "ಈ ತುಂಡು ಸರಿಯಾಗಿ ಬರಲಿಲ್ಲ, ಮತ್ತೆ ಕೊಡು" ಅಂತ ಕೇಳಿ ಪಡೆಯುತ್ತದೆ. ಹಾಳೆ ಸರಿಯಾಗಿ ಬರುತ್ತದೆ, ಹೊತ್ತು ಹಿಡಿಯುತ್ತದೆ. ಆಫ್ ಇದ್ದರೆ ಬೇಗ ಮುಗಿಯುತ್ತದೆ, ನಡುವೆ ಒಂದೆರಡು ಸಾಲು ಹಾರಿರುತ್ತವೆ. ಗರಗರ ಇರುವ ದಿನ ನಾನು ಮಷೀನಿನ ವೇಗವನ್ನು (ಸೆಕೆಂಡಿಗೆ ಇಷ್ಟು ಬಿಟ್ ಅಂತ ಅದರ ಲೆಕ್ಕ) 14,400ರಿಂದ 9,600ಕ್ಕೆ ಇಳಿಸಿ, ಇಸಿಎಂ ಆನ್ ಬಿಡುತ್ತಿದ್ದೆ. ನಿಧಾನಕ್ಕೆ ಹೋದರೂ ಒಂದೇ ಸಲಕ್ಕೆ ಹೋಗುತ್ತಿತ್ತು. ಬಹಳ ಹಾಳೆ ಇದ್ದರೆ ರಾತ್ರಿಗೆ ಇಟ್ಟುಕೊಳ್ಳುತ್ತಿದ್ದೆವು, ಎಸ್‌ಟಿಡಿ ರೇಟು ಆಗ ಕಡಿಮೆ.

ಫೋನಿಗೂ ಫ್ಯಾಕ್ಸಿಗೂ ಒಂದೇ ಲೈನು ಇದ್ದ ಕಾಲ ಅದು. ನಂಬರ್ ಒತ್ತಿ, ಆ ಕಡೆ ಯಾರಾದರೂ ಎತ್ತಿದರೆ, "ಗಂಗಾವತಿಯಿಂದ್ರೀ, ಫ್ಯಾಕ್ಸ್ ಟೋನ್ ಕೊಡ್ರಿ" ಅನ್ನಬೇಕು. ಅವರು ಸ್ಟಾರ್ಟ್ ಒತ್ತಿ ಕೀಂ ಅನ್ನುವ ಸದ್ದು ಕೇಳಿಸಿದ ಮೇಲೆ ನಾವು ಸ್ಟಾರ್ಟ್ ಒತ್ತಿ ರಿಸೀವರ್ ಇಡಬೇಕು. ಮೊದಲೇ ಇಟ್ಟರೆ ಕಟ್.

ಕೊನೆಗೆ ರಿಪೋರ್ಟ್ ಚೀಟಿ, ಕಳಿಸಿ ಮುಗಿದ ಮೇಲೆ ನಮ್ಮ ಮಷೀನೇ ಹೊರಹಾಕುವ ಚೀಟಿ. ಓಕೆ ಅಂತ ಬಂದರೆ ಮುಗೀತು ಅಂತ ನಾನು ಬಹಳ ದಿನ ನಂಬಿದ್ದೆ. ಹೊಸದಾಗಿ ಸೇರಿದ ಹುಡುಗ ಒಂದು ದಿನ ಐದು ಹಾಳೆಯನ್ನು ತಿರುಗಾಮುರುಗಾ ಹಾಕಿದ್ದ. ಐದೂ ಖಾಲಿ ಹೋಗಿವೆ. ರಿಪೋರ್ಟಿನಲ್ಲಿ ಐದು ಹಾಳೆ, ಓಕೆ. ನಮ್ಮ ಮಷೀನು ಹಾಳೆ ಕೊಟ್ಟಿತು, ಆ ಕಡೆಯ ಮಷೀನು ತಗೊಂಡಿತು, ಓಕೆ ಅಂದರೆ ಅಷ್ಟೇ. ಬಿಳಿ ಜಾಗ ಅಗ್ಗ ಅಂದೆನಲ್ಲ, ಐದು ಹಾಳೆ ಒಂದು ನಿಮಿಷವನ್ನೂ ಹಿಡಿದಿರಲಿಲ್ಲ. ಆಮೇಲಿಂದ ರಿಪೋರ್ಟಿನಲ್ಲಿ ನಾನು ಓಕೆಗಿಂತ ಮೊದಲು ಹೊತ್ತು ನೋಡುತ್ತಿದ್ದೆ.

ಬಂದ ಫ್ಯಾಕ್ಸನ್ನು ಅವತ್ತೇ ಜೆರಾಕ್ಸ್ ಮಾಡಿ ಫೈಲಿಗೆ ಹಾಕುತ್ತಿದ್ದೆವು. ಆ ನುಣುಪು ಕಾಗದದಲ್ಲಿ ಶಾಯಿ ಇರುವುದಿಲ್ಲ, ಬಿಸಿ ತಾಗಿದಲ್ಲಿ ಕಪ್ಪಾಗುತ್ತದೆ. ನಮ್ಮ ಕೊಪ್ಪಳ ಜಿಲ್ಲೆಯ ಏಪ್ರಿಲ್ ಬಿಸಿಲು ಗೊತ್ತಲ್ಲ, ಕಿಟಕಿ ಪಕ್ಕ ಮರೆತ ಒಂದು ರೋಲು ಬೂದಿ ಬಣ್ಣಕ್ಕೆ ತಿರುಗಿತ್ತು.

ಅಕ್ಕನ ಮಗನ ಮೊಬೈಲ್ ತೆಗೆದು ನೋಡಿದೆ. ಫೋಟೊದಲ್ಲಿ ಅವನ ಕೈಯ ನೆರಳು, ಹಿಂದೆ ಹೂವಿನ ಟೇಬಲ್ ಕ್ಲಾತ್, ಹಾಳೆ ಸೊಟ್ಟ. ನೆರಳೆಲ್ಲ ಆ ಕಡೆ ಕರಿ ಮುದ್ದೆಯಾಗಿ ಹೋಗಿರಬೇಕು. ಹಾಳೆಗಳನ್ನು ಕಿಟಕಿ ಹತ್ತಿರ ನೆಲದ ಮೇಲೆ ಚಪ್ಪಟೆ ಇಡಿಸಿದೆ. ಸ್ಕ್ಯಾನ್ ಆ್ಯಪಿನಲ್ಲಿ ಕಪ್ಪು ಬಿಳುಪು ಇಡಿಸಿ ಎ4 ಪಿಡಿಎಫ್ ಮಾಡಿಸಿದೆ. ಕಳಿಸುವಾಗ ಫೈನ್. ಡಾಕ್ಟರು ತಿಳಿ ನೀಲಿ ಪೆನ್ನಲ್ಲಿ ಬರೆದ ಚೀಟಿಯನ್ನು ಮೊದಲು ಜೆರಾಕ್ಸ್ ಮಾಡಿಸಿಕೊಂಡು ಬಾ ಅಂದೆ. "ಮಾಮಾ, ಮೊಬೈಲಿನಾಗ ಚಲೋ ಕಾಣ್ತದಲ್ಲ!" ಅಂದ. ಕಾಣುತ್ತದೆ. ಆದರೂ ಹೋಗಿ ಬಂದ.

ಮರುದಿನ ತಂಗಿಯ ಮೆಸೇಜು ಬಂತಂತೆ. ಎಲ್ಲ ಓದೋಕೆ ಬಂದಿದೆ, ಐದನೇ ಹಾಳೆ ಮಾತ್ರ ಖಾಲಿ. ಚೀಟಿಯ ಹಿಂಬದಿಯನ್ನು ಸ್ಕ್ಯಾನ್ ಮಾಡಿದ್ದ.