ಕೆಟ್ಟ ಮೆಷಿನ್ ಬಿಚ್ಚಿ ಪಾಠದ ಹಲಗೆ: ಆರು ವಾರದಲ್ಲಿ ಆಗಿದ್ದು, ಉಳಿದಿದ್ದು

ಕಟ್ಟಡ ಕೆಲಸ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ನಾನು ವಾರಕ್ಕೆ ಎರಡು ದಿನ ಪವರ್ ಟೂಲ್ ಪಾಠ ಮಾಡುತ್ತೇನೆ. ಗಾರ್ಡ್ (ತಿರುಗುವ ಡಿಸ್ಕ್, ಬ್ಲೇಡಿಗೆ ಇರುವ ಮರೆ) ತೆಗೀಬೇಡಿ, ಕನ್ನಡಕ ಹಾಕಿ, ಪ್ಲಗ್ ಕಿತ್ತ ಮೇಲೇ ಬಿಟ್ (ಕೊರೆಯುವ ಮೊನೆ) ಬದಲಿಸಿ. ಎಲ್ಲರೂ ಬರೆದುಕೊಳ್ಳುತ್ತಾರೆ, ಕೇಳಿದರೆ ತಡವರಿಸದೆ ಹೇಳುತ್ತಾರೆ. ಮಾರನೇ ದಿನ ಲೋಹ ಕೊಯ್ಯುವ, ಉಜ್ಜುವ ಗ್ರೈಂಡರ್ ಕೈಗೆ ಕೊಟ್ಟರೆ, ಗಾರ್ಡ್ ಅಡ್ಡ ಬರ್ತಿದೆ ಅಂತ ಅದರ ಸ್ಕ್ರೂ ಬಿಚ್ಚಲು ಹೋಗುತ್ತಾರೆ. ಇದು ಅವರ ತಪ್ಪಲ್ಲ ಅನ್ನಿಸಿತು. ಒಳಗೆ ಏನಿದೆ, ಅದು ಎಷ್ಟು ಜೋರಾಗಿ ತಿರುಗುತ್ತೆ ಅಂತ ಕಣ್ಣಿಗೆ ಬೀಳದೆ ನಿಯಮ ತಲೆಗೆ ಇಳಿಯುವುದು ಹೇಗೆ?

ಅದಕ್ಕೇ ಈ ಕೆಲಸ ಹಿಡಿದೆ. ಸುಟ್ಟುಹೋಗಿ ಮೂಲೆಗೆ ಬಿದ್ದ ಮೆಷಿನ್‌ಗಳನ್ನು ಬಿಚ್ಚುವುದು, ಒಂದೊಂದು ಭಾಗವನ್ನೂ ಪ್ಲೈವುಡ್ ಹಲಗೆ ಮೇಲೆ ಕೂರಿಸುವುದು, ಪಕ್ಕದಲ್ಲಿ ಹೆಸರು ಬರೆಯುವುದು. ನಾಲ್ಕು ಹಲಗೆ ಅಂತ ಲೆಕ್ಕ ಹಾಕಿದ್ದೆ. ಮೂರು ಮುಗಿದಿವೆ, ನಾಲ್ಕನೆಯದು ಅರ್ಧಕ್ಕೆ ನಿಂತಿದೆ.

ಒಂದು ಮತ್ತು ಎರಡನೇ ವಾರ: ಗ್ರೈಂಡರ್

100 ಮಿ.ಮೀ ಡಿಸ್ಕ್‌ನ ಚಿಕ್ಕ ಗ್ರೈಂಡರ್‌ನಿಂದಲೇ ಶುರು ಮಾಡಿದೆ. ಸೈಟಿನಲ್ಲಿ ಜಾಸ್ತಿ ಓಡಾಡುವುದು ಅದೇ, ಜಾಸ್ತಿ ಗಾಯ ಮಾಡಿದ್ದನ್ನು ನಾನು ನೋಡಿರುವುದೂ ಅದನ್ನೇ.

ಮೊದಲು ಎರಡೂ ಪಕ್ಕದ ಕಾರ್ಬನ್ ಬ್ರಶ್ ತೆಗೆದೆ. ಮೋಟಾರಿನ ತಿರುಗುವ ಭಾಗವಾದ ಆರ್ಮೇಚರ್‌ಗೆ ಕರೆಂಟ್ ಮುಟ್ಟಿಸುವ ತುಂಡುಗಳು ಇವು. ಇದನ್ನು ಮರೆತು ಆರ್ಮೇಚರ್ ಎಳೆದರೆ ಬ್ರಶ್ ಮುರಿಯುತ್ತೆ. ಒಂದು ಬ್ರಶ್ ಬೆರಳ ತುದಿಯಷ್ಟಿತ್ತು, ಇನ್ನೊಂದು ಸವೆದು 4 ಮಿ.ಮೀ ಆಗಿತ್ತು. ಯಾರೋ ಒಂದನ್ನು ಮಾತ್ರ ಬದಲಿಸಿದ್ದಾರೆ. ಬ್ರಶ್ ಯಾವಾಗಲೂ ಜೋಡಿಯಾಗೇ ಬದಲಿಸಬೇಕು. ಇಲ್ಲದಿದ್ದರೆ ಒಂದು ಕಡೆ ಒತ್ತಡ ಕಡಿಮೆಯಾಗಿ ಕಿಡಿ ಹಾರುತ್ತೆ. ಹಾರಿದ್ದಕ್ಕೆ ಗುರುತೂ ಇತ್ತು. ಆರ್ಮೇಚರ್ ತುದಿಯ ತಾಮ್ರದ ಪಟ್ಟಿಗಳಲ್ಲಿ ಎರಡು ಕಪ್ಪಗೆ ಸುಟ್ಟು, ಉಗುರಿನಿಂದ ಸವರಿದರೆ ಕೈಗೆ ತಗ್ಗು ಸಿಗುತ್ತಿತ್ತು.

ಗೇರ್ ಬಾಕ್ಸ್‌ಗೆ ನಾಲ್ಕು ಸ್ಕ್ರೂ. ತೆಗೆದರೆ ಹಳೇ ಗ್ರೀಸಿನ ವಾಸನೆ, ಅದರೊಳಗೆ ಎರಡು ಓರೆ ಹಲ್ಲಿನ ಗೇರ್. ಮೋಟಾರ್ ಉದ್ದಕ್ಕೆ ತಿರುಗುತ್ತೆ, ಡಿಸ್ಕ್ ಅದಕ್ಕೆ ಅಡ್ಡವಾಗಿ ತಿರುಗುತ್ತೆ. ಆ ತಿರುವು ಕೊಡುವುದು ಈ ಜೋಡಿ. ಡಿಸ್ಕ್ ಬದಲಿಸುವಾಗ ಅದು ತಿರುಗದಂತೆ ಒತ್ತಿ ಹಿಡಿಯುವ ಬಟನ್, ಸ್ಪಿಂಡಲ್ ಲಾಕ್ ಅಂದರೆ ದೊಡ್ಡ ಗೇರಿನ ತೂತಿಗೆ ಇಳಿಯುವ ಒಂದು ಸಣ್ಣ ಪಿನ್, ಅಷ್ಟೇ. ಡಿಸ್ಕ್ ಇನ್ನೂ ತಿರುಗುತ್ತಿರುವಾಗ ಆ ಬಟನ್ ಒತ್ತಬೇಡಿ ಅಂತ ನೂರು ಸಲ ಹೇಳಿದ್ದೇನೆ. ಈಗ ಹೇಳೋದೇ ಬೇಕಿಲ್ಲ. ಈ ಮೆಷಿನ್ನಿನ ಪಿನ್ ತುದಿ ಮುರಿದು, ಚೂರು ಗ್ರೀಸಿನಲ್ಲೇ ಸಿಕ್ಕಿತು. ಚೂರನ್ನೂ ಹಲಗೆಗೆ ಅಂಟಿಸಿದ್ದೇನೆ.

ಮೈಯ ಒಳಗೋಡೆಗೆ ಬೂದಿ ಬಣ್ಣದ ಪುಡಿ ದಪ್ಪಗೆ ಹತ್ತಿತ್ತು. ಅಯಸ್ಕಾಂತ ಹಿಡಿದೆ, ಪುಡಿಯೆಲ್ಲ ಎದ್ದು ನಿಂತಿತು. ಮೋಟಾರನ್ನು ತಂಪು ಮಾಡುವ ಫ್ಯಾನ್ ಹೊರಗಿನ ಗಾಳಿಯ ಜೊತೆ ಕಬ್ಬಿಣದ ಪುಡಿಯನ್ನೂ ಎಳೆದುಕೊಂಡಿದೆ. ಆ ಪುಡಿಯಲ್ಲಿ ಕರೆಂಟ್ ಹರಿಯುತ್ತೆ. ಗಾಳಿ ಕಿಂಡಿ ಚೊಕ್ಕಟ ಮಾಡಿ ಅನ್ನುವುದು ಮೆಷಿನ್ ಬಾಳಿಕೆಗೆ ಮಾತ್ರ ಅಲ್ಲ, ಹಿಡಿದ ಕೈಗೂ ಹೌದು.

ಇನ್ನು ಡಿಸ್ಕ್. ಇದಕ್ಕೇ ಹಲಗೆಯ ಅರ್ಧ ಜಾಗ ಹೋಯಿತು, ಹೋಗಲಿ ಅಂತ ಬಿಟ್ಟೆ. ಕಟಿಂಗ್ ಡಿಸ್ಕ್ 1ರಿಂದ 3 ಮಿ.ಮೀ ದಪ್ಪ, ಉಜ್ಜುವ ಡಿಸ್ಕ್ 6 ಮಿ.ಮೀ. ಎರಡನ್ನೂ ಅಡ್ಡ ಕತ್ತರಿಸಿ ಪಕ್ಕಪಕ್ಕ ಇಟ್ಟೆ. ತೆಳ್ಳಗಿನದರ ಅಂಚಿನಿಂದ ಬರೀ ಕೊಯ್ಯಬಹುದು. ಮಗ್ಗುಲಿಂದ ಉಜ್ಜಿದರೆ ಅದು ತಡೆಯಲ್ಲ, ಸಿಡಿಯುತ್ತೆ. ಡಿಸ್ಕಿನ ನಡುವಿನ ಲೋಹದ ಉಂಗುರದ ಮೇಲೆ ತಿಂಗಳು, ವರ್ಷ ಒತ್ತಿರುತ್ತಾರೆ. ಡಿಸ್ಕಿನ ಉಜ್ಜುವ ಪುಡಿಯನ್ನು ಹಿಡಿದಿಟ್ಟಿರುವ ಅಂಟು ಹಳೆಯದಾದರೆ, ತೇವ ತಾಗಿದರೆ ಬಲ ಕಳೆದುಕೊಳ್ಳುತ್ತೆ. ತಾರೀಖು ದಾಟಿದ ಡಿಸ್ಕ್ ಕಣ್ಣಿಗೆ ಹೊಸದರ ಹಾಗೇ ಕಾಣುತ್ತೆ, ಅದೇ ಅಪಾಯ.

ಡಿಸ್ಕ್ ಮೇಲಿನ ವೇಗದ ಲೆಕ್ಕವನ್ನು ದಪ್ಪ ಅಕ್ಷರದಲ್ಲಿ ಬರೆದೆ. ಈ ಡಿಸ್ಕ್‌ಗಳ ಅಂಚು ಸೆಕೆಂಡಿಗೆ ಹೆಚ್ಚೆಂದರೆ 80 ಮೀಟರ್ ಓಡಬಹುದು. ಅದಕ್ಕೆ 100 ಮಿ.ಮೀ ಡಿಸ್ಕ್‌ಗೆ ನಿಮಿಷಕ್ಕೆ ಸುಮಾರು 15,200 ಸುತ್ತು ಮಿತಿ, 230 ಮಿ.ಮೀ ಡಿಸ್ಕ್‌ಗೆ ಸುಮಾರು 6,600 ಮಾತ್ರ. ಚಿಕ್ಕ ಗ್ರೈಂಡರ್ ಖಾಲಿ ತಿರುಗುವುದು 11,000 ಸುತ್ತಿನ ಆಸುಪಾಸು. ಗಾರ್ಡ್ ಕಿತ್ತು ಅದಕ್ಕೆ 180 ಮಿ.ಮೀ ಡಿಸ್ಕ್ ಸಿಕ್ಕಿಸಿದರೆ ಅಂಚಿನ ವೇಗ ಸೆಕೆಂಡಿಗೆ 100 ಮೀಟರ್ ದಾಟುತ್ತೆ. ಅಂದರೆ ಗಾರ್ಡ್ ಎರಡು ಕೆಲಸ ಮಾಡುತ್ತೆ. ಸಿಡಿದ ಚೂರು ಮೈಗೆ ಬರದಂತೆ ತಡೆಯುತ್ತೆ, ದೊಡ್ಡ ಡಿಸ್ಕ್ ಹಾಕಲಿಕ್ಕೇ ಬಿಡಲ್ಲ.

ನಾನು ಕೆಲಸ ಕಲಿಯುತ್ತಿದ್ದಾಗ ಒಂದು ಸೈಟಿನಲ್ಲಿ ಹೀಗೇ ದೊಡ್ಡ ಡಿಸ್ಕ್ ಹಾಕಿದ್ದರು. ಅದು ಒಡೆದು, ಒಂದು ಚೂರು ನನ್ನ ಜೊತೆಯವನ ಕಿವಿ ಪಕ್ಕದಲ್ಲೇ ಹಾದು ಹಸಿ ಗಾರೆಯ ಗೋಡೆಯಲ್ಲಿ ನೆಟ್ಟಿತು. ಎಷ್ಟು ಹೊತ್ತಾದರೂ ಅವನ ಕೈ ನಡುಕ ನಿಲ್ಲಲಿಲ್ಲ. ಈ ಹಲಗೆ ಮಾಡುವಾಗೆಲ್ಲ ಅವನ ಮುಖ ಕಣ್ಣೆದುರಿಗೇ ಇತ್ತು.

ಮೂರನೇ ವಾರ: ಡ್ರಿಲ್, ಹ್ಯಾಮರ್

ಇದು ಬೇಗ ಆಯಿತು. ಹಲಗೆಯ ಎಡಕ್ಕೆ ಇಂಪ್ಯಾಕ್ಟ್ ಡ್ರಿಲ್, ಬಲಕ್ಕೆ ರೋಟರಿ ಹ್ಯಾಮರ್. ಹೊರಗಿನಿಂದ ಎರಡೂ ಒಂದೇ ತರ ಕಾಣುತ್ತವೆ, ಅಲ್ವಾ? ಒಳಗೆ ಸಂಬಂಧವೇ ಇಲ್ಲ. ಎಡದ್ದರಲ್ಲಿ ಹಲ್ಲಿರುವ ಎರಡು ಬಿಲ್ಲೆಗಳು ಒಂದರ ಮೇಲೊಂದು ಉಜ್ಜಿ ಕಟಕಟ ಅನ್ನುತ್ತವೆ. ಹಿಂದಿನಿಂದ ಒತ್ತಿದಷ್ಟೂ ಕಟಕಟ ಜಾಸ್ತಿ. ಬಲದ್ದರಲ್ಲಿ ಪಿಸ್ಟನ್ ಇದೆ. ಅದು ಗಾಳಿಯನ್ನು ಅದುಮುತ್ತೆ, ಆ ಗಾಳಿ ಒಂದು ಉಕ್ಕಿನ ಗುಂಡನ್ನು ಮುಂದಕ್ಕೆ ತಳ್ಳುತ್ತೆ, ಗುಂಡು ಬಿಟ್‌ನ ಹಿಂಬದಿಗೆ ಬಡಿಯುತ್ತೆ. ಇಲ್ಲಿ ಮೈಭಾರ ಹಾಕಿ ಒತ್ತಿ ಪ್ರಯೋಜನವಿಲ್ಲ, ತೋಳು ನೋಯುತ್ತೆ ಅಷ್ಟೇ.

ಹ್ಯಾಮರ್ ಬಿಟ್‌ನ ಹಿಡಿಯಲ್ಲಿ ಎರಡು ಬಗೆ: ಎಸ್‌ಡಿಎಸ್ ಪ್ಲಸ್‌ನದು 10 ಮಿ.ಮೀ ದಪ್ಪ, ಎಸ್‌ಡಿಎಸ್ ಮ್ಯಾಕ್ಸ್‌ನದು 18. ಪ್ಲಸ್ ಬಿಟ್‌ನ ಹಿಡಿಯಲ್ಲಿ ನಾಲ್ಕು ಕಾಲುವೆಗಳಿವೆ. ಎರಡು ಕೊನೆತನಕ ತೆರೆದಿವೆ, ಅವು ಬಿಟ್ ತಿರುಗಿಸಲು. ಎರಡು ಮುಚ್ಚಿವೆ, ಅವುಗಳಲ್ಲಿ ಗೋಲಿ ಕೂತು ಬಿಟ್ ಜಾರದಂತೆ ಹಿಡಿಯುತ್ತೆ.

ಸೈಡ್ ಹ್ಯಾಂಡಲ್‌ಗೆ ಒಂದು ಕೆಂಪು ಚೀಟಿ ಅಂಟಿಸಿದೆ. ಕಾಂಕ್ರೀಟ್ ಒಳಗೆ ಬಿಟ್ ಕಂಬಿಗೆ ಸಿಕ್ಕಿಕೊಂಡರೆ ಬಿಟ್ ನಿಲ್ಲುತ್ತೆ, ಮೆಷಿನ್ ತಿರುಗುತ್ತೆ. ಒಂದೇ ಕೈಲಿ ಹಿಡಿದಿದ್ದರೆ ಮಣಿಕಟ್ಟು ಹೋಯಿತು. ಒಳಗೆ ಕ್ಲಚ್ ಜಾರಿ ಮೋಟಾರಿನ ಬಲ ಬಿಡಿಸುತ್ತೆ ನಿಜ. ಆದರೆ ಅದು ಜಾರುವ ಹೊತ್ತಿಗೆ ಕೈಗೆ ಏಟು ಬಿದ್ದಿರಬಹುದು.

ಸ್ವಿಚ್ಚನ್ನೂ ಬಿಡಿಸಿಟ್ಟೆ. ಫೈನ್ ಕಂಪನಿ 1895ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ ಮಾಡಿತು. ಪಿಸ್ತೂಲಿನಂಥ ಹಿಡಿ, ಬೆರಳಿನಿಂದ ಎಳೆಯುವ ಸ್ವಿಚ್ ಇರುವ ಡ್ರಿಲ್‌ಗೆ ಬ್ಲ್ಯಾಕ್ ಅಂಡ್ ಡೆಕ್ಕರ್ 1917ರಲ್ಲಿ ಪೇಟೆಂಟ್ ಪಡೆಯಿತು. ಬೆರಳು ಬಿಟ್ಟರೆ ಸ್ಪ್ರಿಂಗ್ ಹಿಂದಕ್ಕೆ ತಳ್ಳಿ ಕರೆಂಟ್ ಕಡಿಯುತ್ತೆ. ಇಷ್ಟು ಚೆಂದದ ಏರ್ಪಾಡಿಗೆ ಟೇಪ್ ಸುತ್ತಿ ಸ್ವಿಚ್ ಆನ್ ಇಡುವವರನ್ನು ನೋಡಿದರೆ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತೆ.

ನಾಲ್ಕನೇ ವಾರ: ವೈರು, ಪ್ಲಗ್

ಚಿಕ್ಕ ಹಲಗೆ. ಆದರೆ ಇದನ್ನು ಬಿಡುವ ಹಾಗಿಲ್ಲ. ಮೆಷಿನ್ ಪಟ್ಟಿಯ ಮೇಲೆ ಚೌಕದೊಳಗೆ ಚೌಕ ಇದ್ದರೆ ಅದು ಡಬಲ್ ಇನ್ಸುಲೇಶನ್ (ಕರೆಂಟ್ ಹೊರಮೈಗೆ ಬರದಂತೆ ಎರಡು ಪದರದ ತಡೆ), ಅದಕ್ಕೆ ಅರ್ಥ್ ಬೇಡ. ಆ ಗುರುತಿಲ್ಲದ, ಲೋಹದ ಮೈಯ ಮೆಷಿನ್ನಿನ ಪ್ಲಗ್‌ನಿಂದ ಮೂರನೇ ಪಿನ್, ಅಂದರೆ ಅರ್ಥ್ ಪಿನ್, ಕಿತ್ತು ಓಡಿಸಿದರೆ ಪ್ರಾಣದ ಜೊತೆ ಆಟ ಆಡಿದ ಹಾಗೆ.

ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಇದೆಯಲ್ಲ ಅಂತ ತುಂಬಾ ಜನ ಧೈರ್ಯ ಹೇಳಿಕೊಳ್ಳುತ್ತಾರೆ. ಎಂಸಿಬಿ ಕಾಯುವುದು ವೈರನ್ನು, ಮನುಷ್ಯನನ್ನಲ್ಲ. ಅದು ಬೀಳಲು ಹತ್ತಾರು ಆಂಪಿಯರ್ ಬೇಕು. ಮೈ ಮೂಲಕ ನೆಲಕ್ಕೆ ಸೋರುವ ಕರೆಂಟನ್ನು ಹಿಡಿದು ಕಡಿಯಲು 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಬೇಕು. ಅದರ ಟೆಸ್ಟ್ ಬಟನ್ ಒತ್ತಿ ನೋಡುವುದನ್ನು ಕೆಲಸ ಶುರು ಮಾಡುವ ಮೊದಲಿನ ಅಭ್ಯಾಸ ಮಾಡಿಸುತ್ತಿದ್ದೇನೆ.

ಒಂದು ಸುಟ್ಟ ಎಕ್ಸ್‌ಟೆನ್ಶನ್ ರೀಲ್ ಕೂಡ ಇಟ್ಟಿದ್ದೇನೆ. ಸುತ್ತಿದ ವೈರನ್ನು ಪೂರ್ತಿ ಬಿಚ್ಚದೆ ದೊಡ್ಡ ಮೆಷಿನ್ ಓಡಿಸಿದ್ದರು. ಒಳಸುತ್ತಿನ ಬಿಸಿ ಹೊರಗೆ ಹೋಗಲು ದಾರಿಯಿಲ್ಲದೆ ಪ್ಲಾಸ್ಟಿಕ್ ಕರಗಿ ಒಂದಕ್ಕೊಂದು ಅಂಟಿ, ಕೊಯ್ದರೆ ಒಂದೇ ಗಟ್ಟಿ ಮುದ್ದೆ.

ಐದನೇ ವಾರ: ಕ್ಲಾಸಿನಲ್ಲಿ

ಮೂರು ಹಲಗೆಗಳನ್ನೂ ಬೆಂಚಿನ ಮೇಲೆ ಒರಗಿಸಿ, ಏನೂ ಹೇಳದೆ ಹದಿನೈದು ನಿಮಿಷ ಸುಮ್ನೆ ಕೂತೆ. ಮೊದಲು ಎಲ್ಲರೂ ಮುಟ್ಟಿದ್ದು ಆ ಮುರಿದ ಪಿನ್ನನ್ನು. ಒಬ್ಬಳು ರೋಟರಿ ಹ್ಯಾಮರ್‌ಗೆ ಬಿಟ್ ಹಾಕಿ, ಎಳೆದು ನೋಡಿ, "ಸರ್, ಇದು ಲೂಸ್ ಇದೆ, ಹಿಂದೆ ಮುಂದೆ ಆಡ್ತಿದೆ" ಅಂದಳು.

"ಮುಚ್ಚಿದ ಕಾಲುವೆ ಎಷ್ಟು ಉದ್ದ ಇದೆ ನೋಡಮ್ಮ" ಅಂದೆ.

ಬಿಟ್ ತೆಗೆದು ಬೆರಳಿಟ್ಟು ನೋಡಿದಳು. "ಓ, ಗೋಲಿ ಇಷ್ಟರಲ್ಲಿ ಓಡಾಡುತ್ತೆ. ಗುಂಡು ಬಡಿಯೋಕೆ ಬಿಟ್ ಆಡಲೇಬೇಕು ಅಲ್ವಾ ಸರ್?"

ಇದನ್ನು ನಾನು ಪಾಠದಲ್ಲಿ ಯಾವತ್ತೂ ಹೇಳಿರಲಿಲ್ಲ. ಅವಳೇ ಕಂಡುಕೊಂಡಳು. ಅವತ್ತು ಮನೆಗೆ ಹೋಗುವಾಗ ತುಂಬಾ ಖುಷಿಯಾಗಿತ್ತು.

ಒಂದು ಕೊರತೆಯೂ ಗೊತ್ತಾಯಿತು. ಸದ್ದು, ಧೂಳು ಹಲಗೆ ಮೇಲೆ ಕೂರಲ್ಲ. ಕಾಂಕ್ರೀಟ್ ಕೊಯ್ದಾಗ ಏಳುವ ಸಿಲಿಕಾ ಧೂಳಿನಲ್ಲಿ ಶ್ವಾಸಕೋಶದ ಆಳಕ್ಕೆ ಇಳಿಯುವ ಕಣಗಳು ಕಣ್ಣಿಗೇ ಕಾಣಲ್ಲ. ಅದರಿಂದ ಬರುವ ಸಿಲಿಕೋಸಿಸ್‌ಗೆ ವಾಸಿ ಮಾಡುವ ಮದ್ದಿಲ್ಲ. ನೀರು ಬಿಟ್ಟು ಕೊಯ್ಯುವ ಮೆಷಿನ್ ಅಥವಾ ಧೂಳು ಎಳೆಯುವ ವ್ಯಾಕ್ಯೂಮ್ ಬೇಕು, ಮುಖಕ್ಕೆ ಸರಿಯಾಗಿ ಕೂರುವ ಎನ್95 ಮಾಸ್ಕ್ ಬೇಕು. ಕರವಸ್ತ್ರ ಸಾಲದು. ದಿನಕ್ಕೆ ಎಷ್ಟು ಹೊತ್ತು ಕಿವಿಗೆ ಬೀಳಬಹುದು ಅಂತ ಸದ್ದಿಗೆ ಒಂದು ಲೆಕ್ಕ ಬರೆದು ನೇತುಹಾಕಿದೆ: 85 ಡೆಸಿಬಲ್‌ಗೆ 8 ಗಂಟೆ, ಮೇಲೆ ಪ್ರತಿ 3 ಡೆಸಿಬಲ್‌ಗೆ ಹೊತ್ತು ಅರ್ಧ. 100 ಡೆಸಿಬಲ್ ಆದರೆ ಬರೀ 15 ನಿಮಿಷ. ಗ್ರೈಂಡರ್ ಲೋಹ ಕೊಯ್ಯುವಾಗ ಅಷ್ಟು ಸದ್ದು ಮಾಡಬಲ್ಲದು.

ಆರನೇ ವಾರ: ಸರ್ಕ್ಯುಲರ್ ಸಾ, ಇನ್ನೂ ಮುಗಿದಿಲ್ಲ

ಸಿಕ್ಕಿದ ದುಂಡು ಬ್ಲೇಡಿನ ಗರಗಸದ ಕೆಳಗಿನ ಗಾರ್ಡ್ ಮೇಲಕ್ಕೆ ಸರಿದರೆ ಅಲ್ಲೇ ನಿಲ್ಲುತ್ತಿತ್ತು. ಬಿಚ್ಚಿದರೆ ಮರದ ಅಂಟು, ಹೊಟ್ಟು ಸೇರಿ ಗಟ್ಟಿ ಮೇಣದ ಹಾಗೆ ಕೂತಿದೆ, ಸ್ಪ್ರಿಂಗ್ ಕೊಕ್ಕೆಯೂ ಮುರಿದಿದೆ. ಕೊಯ್ದು ಮುಗಿಸಿ ನೆಲಕ್ಕಿಟ್ಟರೆ, ಇನ್ನೂ ತಿರುಗುವ ಬ್ಲೇಡು ಕಾಲಿನ ಕಡೆಗೇ ಓಡಿ ಬರುತ್ತಿತ್ತು.

ಕಿಕ್‌ಬ್ಯಾಕ್, ಅಂದರೆ ಗರಗಸ ಹಿಂದಕ್ಕೆ ಚಿಮ್ಮುವುದನ್ನು, ತೋರಿಸಲು ರಟ್ಟಿನ ಬ್ಲೇಡು ಮಾಡಿ, ಎರಡು ಮರದ ತುಂಡಿಗೆ ಕೀಲು ಜೋಡಿಸಿದ್ದೇನೆ. ಕೊಯ್ಯುವ ಮರದ ಎರಡು ತುದಿಗೆ ಮಾತ್ರ ಆಸರೆ ಕೊಟ್ಟು ನಡುವೆ ಕೊಯ್ದರೆ, ಅದು ಕೆಳಗೆ ಬಾಗಿ ಕೊಯ್ದ ಸೀಳು ಮುಚ್ಚಿಕೊಳ್ಳುತ್ತೆ. ಬ್ಲೇಡಿನ ಕೆಳಗಿನ ಹಲ್ಲುಗಳು ಮುಂದಕ್ಕೆ ಓಡುತ್ತಿರುತ್ತವೆ. ಮರ ಅವನ್ನು ಕಚ್ಚಿ ಹಿಡಿದರೆ ಗರಗಸ ಹಿಂದಕ್ಕೆ, ಹಿಡಿದವನ ಮೈಮೇಲೆ ಚಿಮ್ಮುತ್ತೆ. ಸೀಳಿನ ಎರಡೂ ಪಕ್ಕ ಆಸರೆ ಕೊಡುವುದು, ಬ್ಲೇಡಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲುವುದು, ಬ್ಲೇಡನ್ನು ಮರದ ದಪ್ಪಕ್ಕಿಂತ ಸ್ವಲ್ಪವೇ ಕೆಳಗೆ ಇಳಿಸುವುದು, ಮೂರಕ್ಕೂ ಕಾರಣ ಈ ಒಂದೇ ಆಟಿಕೆಯಲ್ಲಿ ಕಾಣುತ್ತೆ. ಆದರೆ ರಟ್ಟು ಮೆತ್ತಗಿದೆ, ಸಿಕ್ಕಿದರೆ ಮಡಚಿಕೊಳ್ಳುತ್ತೆ, ಹಿಂದಕ್ಕೆ ಚಿಮ್ಮಲ್ಲ. ನಾಳೆ 4 ಮಿ.ಮೀ ಪ್ಲೈವುಡ್‌ನಲ್ಲಿ ಇನ್ನೊಂದು ಕೊಯ್ದು, ಕೈಯಿಂದ ತಿರುಗಿಸುವ ಹಿಡಿ ಜೋಡಿಸುತ್ತೇನೆ. ಗಾರ್ಡ್‌ಗೆ ಹೊಸ ಸ್ಪ್ರಿಂಗ್ ತಂದಾಗಿದೆ. ಹಳೇದು ಅದರ ಪಕ್ಕದಲ್ಲೇ ಹಲಗೆ ಮೇಲೆ ಕೂರುತ್ತೆ.